ದ್ಯಾಮಣ್ಣನ ಕೂಗು

ಕಲ್ಲಿನ ಧೂಳು ಎದೆಯೊಳಗೆ ಹೋಗಿ ಕುಳಿತರೆ ಹತ್ತು ಹದಿನೈದು ವರ್ಷ ತಾನಿದ್ದೇನೆಂದು ಯಾರಿಗೂ ಹೇಳುವುದಿಲ್ಲ. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗಳಲ್ಲಿ ದುಡಿದ ಗಂಡಸರಿಗೆ ಹಿಂದೆಲ್ಲ ಮೊದಲ ಕೆಮ್ಮು ಬರುವ ಹೊತ್ತಿಗೆ ಅರ್ಧ ಶ್ವಾಸಕೋಶ ಬಿರುಸಾಗಿ ಹೋಗಿರುತ್ತಿತ್ತು. ಆಮೇಲೆ ಡಾಕ್ಟರು, ಎಕ್ಸ್-ರೇ, ಟಿ.ಬಿ. ಗುಳಿಗೆ, ದೇವರು, ಹರಕೆ ಎಂದು ಒಂದಾದ ಮೇಲೊಂದು ನೋಡಿ ಮುಗಿಸುವಷ್ಟರಲ್ಲಿ ಮನುಷ್ಯನೂ ಮುಗಿದಿರುತ್ತಿದ್ದ.

ಧೂಳು ಸುಮ್ಮನಿದ್ದರೂ ಅದನ್ನು ನುಂಗಿದ ಜೀವಕೋಶ ಸುಮ್ಮನಿರುವುದಿಲ್ಲ. ಎದೆಯಲ್ಲಿ ಕಾವಲಿಗೆಂದೇ ಇರುವ ಕೆಲವು ಕೋಶಗಳು ಹೊರಗಿನಿಂದ ಬಂದದ್ದನ್ನೆಲ್ಲ ನುಂಗಿ ಅರಗಿಸಿಕೊಳ್ಳುತ್ತವೆ. ಕಲ್ಲಿನ ಕಣ ಅರಗುವುದಿಲ್ಲ. ನುಂಗಿದ ಕೋಶ ಒದ್ದಾಡುತ್ತದೆ, ಒದ್ದಾಡುತ್ತಲೇ ಒಂದು ಪ್ರೋಟೀನನ್ನು ಹೊರಗೆ ಬಿಡುತ್ತದೆ. ಇಲ್ಲಿ ಗಾಯವಾಗಿದೆ, ಬಂದು ಹೊಲಿಯಿರಿ ಎಂಬ ಸುದ್ದಿ ಅದು. ಸುದ್ದಿ ಮುಟ್ಟಿದ ಬೇರೆ ಕೋಶಗಳು ಓಡಿಬಂದು ನಾರಿನಂಥ ಎಳೆ ನೇಯತೊಡಗುತ್ತವೆ. ಕಣ ಅಲ್ಲೇ ಇರುವುದರಿಂದ ಸುದ್ದಿಯೂ ನಿಲ್ಲುವುದಿಲ್ಲ, ನೇಯ್ಗೆಯೂ ನಿಲ್ಲುವುದಿಲ್ಲ. ಕೊನೆಗೆ ಗಾಳಿ ಆಡಬೇಕಾದ ಜಾಗವೆಲ್ಲ ಎಳೆಯಿಂದ ತುಂಬಿಹೋಗುತ್ತದೆ.

ಆ ಪ್ರೋಟೀನು ರಕ್ತಕ್ಕೂ ಇಳಿಯುತ್ತದೆ ಎಂದು ಗೊತ್ತಾದ ಮೇಲೆ ಊರಿನ ಬದುಕೇ ಬದಲಾಯಿತು. ಬೆರಳ ತುದಿಯ ಒಂದು ಹನಿ ರಕ್ತ, ಹೆಬ್ಬೆರಳಿನಗಲದ ಒಂದು ಬಿಳಿ ಪಟ್ಟಿ, ಹತ್ತು ನಿಮಿಷ. ಪಟ್ಟಿಯ ಮೇಲೆ ಮೂಡುವ ನೀಲಿ ಉಂಗುರ ಎಷ್ಟು ಗಾಢವೋ ಎದೆಯೊಳಗಿನ ಗಲಾಟೆ ಅಷ್ಟು ಜೋರು. ಪುಸ್ತಕದಲ್ಲಿ ಆ ಪ್ರೋಟೀನಿಗೆ ನಾಲ್ಕು ಅಕ್ಷರ, ಎರಡು ಅಂಕಿಗಳ ಹೆಸರಿತ್ತು. ಊರಿನವರು ಅದನ್ನು ‘ಕೂಗು’ ಎಂದು ಕರೆದರು. ಮೂರು ತಿಂಗಳಿಗೊಮ್ಮೆ ಕಾರ್ಖಾನೆಯ ಗೇಟಿನಲ್ಲೇ ಪರೀಕ್ಷೆ. ಕೂಗು ಇಪ್ಪತ್ತರೊಳಗಿದ್ದರೆ ಹಸಿರು ಚೀಟಿ, ಕಟಿಂಗ್ ಶೆಡ್ಡಿನೊಳಗೆ ಹೋಗಬಹುದು. ಐವತ್ತರವರೆಗೆ ಹಳದಿ, ಅಂಗಳದ ಕೆಲಸ. ಅದಕ್ಕೂ ಮೇಲಾದರೆ ಕೆಂಪು. ಧೂಳಿನ ಹತ್ತಿರವೂ ಸುಳಿಯುವಂತಿಲ್ಲ.

ಕ್ಷೌರದಂಗಡಿಯಲ್ಲಿ ಅದೇ ಮಾತು.

"ನಿಂದೆಷ್ಟೋ?"

"ಹನ್ನೊಂದು."

"ಹನ್ನೊಂದಾ? ಹಂಗಾರ ನಿನ್ನ ಹೇಂತಿ ಕೂಗೇ ಹೆಚ್ಚು ಬಿಡು."

ಹೆಣ್ಣಿನ ಕಡೆಯವರು ಜಾತಕ ಕೇಳುವುದಕ್ಕಿಂತ ಮೊದಲು ಹುಡುಗನ ಚೀಟಿ ಯಾವ ಬಣ್ಣ ಎಂದು ಕೇಳುವಂತಾಯಿತು. ಮೈಗೆ ಏನನಿಸುತ್ತದೆ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ. ಪಟ್ಟಿ ಹೇಳುತ್ತಿತ್ತಲ್ಲ.

ಆ ಪಟ್ಟಿ ತಯಾರಾಗುತ್ತಿದ್ದದ್ದು ಊರ ಹೊರಗಿನ ಧೂಳುರೋಗ ಸಂಶೋಧನಾ ಕೇಂದ್ರದಲ್ಲಿ. ಕಸ್ತೂರಿ ಅಲ್ಲಿ ಹನ್ನೆರಡು ವರ್ಷದಿಂದ ಟೆಕ್ನೀಷಿಯನ್. ಅವಳ ಗಂಡ ದ್ಯಾಮಣ್ಣ ಅದೇ ಊರಿನ ಕಾರ್ಖಾನೆಯೊಂದರಲ್ಲಿ ಕಟಿಂಗ್ ಕೆಲಸದವನು.

ದ್ಯಾಮಣ್ಣನದು ನೇಕಾರರ ಮನೆತನ. ಮಗ್ಗ ಇಬ್ಬರ ಹೊಟ್ಟೆ ತುಂಬಿಸುತ್ತಿರಲಿಲ್ಲವಾಗಿ ಹದಿನೆಂಟಕ್ಕೇ ಕಲ್ಲಿಗೆ ಹೋದವನು. ದೊಡ್ಡ ಕೆಂಪುಗಲ್ಲಿನ ದಿಂಡಿನ ಮೇಲೆ ಸುತ್ತಿಗೆಯಿಂದ ಅಲ್ಲಲ್ಲಿ ಕುಟುಕಿ, ಕಿವಿಗೊಟ್ಟು, "ಇಲ್ಲಿ ಬ್ಯಾಡ್ರಿ, ಒಳಗ ಬಿರಕೈತಿ" ಎಂದರೆ ಅಲ್ಲಿ ಬಿರುಕು ಇದ್ದೇ ಇರುತ್ತಿತ್ತು. ಯಂತ್ರಕ್ಕೂ ಸಿಗದ ಕೂದಲೆಳೆಯ ಬಿರುಕನ್ನು ಅವನ ಕಿವಿ ಹಿಡಿಯುತ್ತಿತ್ತು. ಸಂಜೆ ಕೆಲಸ ಬಿಟ್ಟು ಬರುವಾಗ ಓಣಿಯ ತಿರುವಿನಲ್ಲೇ ಎರಡು ಬೆರಳು ಬಾಯಿಗಿಟ್ಟು ಸಿಳ್ಳು ಹೊಡೆಯುತ್ತಿದ್ದ. ಒಂದು ಉದ್ದ, ಎರಡು ಗಿಡ್ಡ. ಅದು ಕೇಳಿದರೆ ಮಗಳು ಬನಶ್ರೀ ಬಾಗಿಲಿಗೆ ಓಡುತ್ತಿದ್ದಳು, ಕಸ್ತೂರಿ ಚಹಾಕ್ಕೆ ನೀರಿಡುತ್ತಿದ್ದಳು, ಅವನ ತಾಯಿ ಫಕೀರವ್ವ ಮಗ್ಗದ ಕುಣಿಯಲ್ಲಿ ಕುಳಿತಲ್ಲಿಂದಲೇ, "ಬಂದ ನೋಡು ನಿಮ್ಮಪ್ಪ, ರೈಲಿನಂಗ" ಎನ್ನುತ್ತಿದ್ದಳು.

ಅವನಿಗೆ ಕೆಂಪು ಚೀಟಿ ಬಂದಾಗ ಮಗಳಿಗೆ ಆರು ವರ್ಷ. ಕೂಗು ಅರವತ್ತಮೂರು. ಕಾರ್ಖಾನೆಯವರು ಅವನನ್ನು ಗೇಟಿನ ಕಾವಲಿಗೆ ಕೂರಿಸಿದರು. ಅವನು ಕುರ್ಚಿಯಲ್ಲಿ ಕುಳಿತು ದೂರದಿಂದ ಶೆಡ್ಡಿನ ಸದ್ದು ಕೇಳುತ್ತ, "ಆ ದಿಂಡು ಒಡದೀತು ನೋಡ್ರಿ" ಎಂದು ಲಾರಿಯವರಿಗೆ ಹೇಳುತ್ತಿದ್ದ. ಒಡೆಯುತ್ತಿತ್ತು ಕೂಡ. ಮನೆಗೆ ಬಂದರೆ ಮಾತಿಲ್ಲ. ಸಿಳ್ಳು ಮಾತ್ರ ಬಿಟ್ಟಿರಲಿಲ್ಲ.

ಎರಡು ವರ್ಷದ ನಂತರ ಔಷಧ ಬಂತು.

ಯೋಚನೆ ಸರಳವಾಗಿತ್ತು. ಕೂಗೇ ಕಾಯಿಲೆಯ ಮೂಲವಾದರೆ ಕೂಗುವ ಬಾಯಿ ಮುಚ್ಚಿದರಾಯಿತು. ಆ ಪ್ರೋಟೀನನ್ನು ಹುಡುಕಿ ಹಿಡಿದುಕೊಳ್ಳುವ ಪ್ರತಿಕಾಯವನ್ನೇ ಔಷಧವಾಗಿ ರಕ್ತಕ್ಕೆ ಬಿಡುವುದು. ಹೊರರಾಜ್ಯದ ಒಂದು ಕಂಪನಿ ಮುಂದೆ ಬಂತು. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಸಬೀಹಾ ಇನಾಮದಾರ ಪ್ರಯೋಗದ ಹೊಣೆ ಹೊತ್ತರು. ಕೆಂಪು ಚೀಟಿಯ ಅರವತ್ನಾಲ್ಕು ಜನ ಹೆಸರು ಕೊಟ್ಟರು. ಹದಿನೈದು ದಿನಕ್ಕೊಂದು ಇಂಜೆಕ್ಷನ್. ಊರಿನವರು ಅದಕ್ಕೂ ಒಂದು ಹೆಸರಿಟ್ಟರು, ಬಾಯಿಬೀಗ.

ದ್ಯಾಮಣ್ಣನ ಹೆಸರನ್ನು ಪ್ರಯೋಗಕ್ಕೆ ಬರೆಸಿದವಳು ಕಸ್ತೂರಿಯೇ.

ಮೊದಲ ತಿಂಗಳು ಅವನ ಕೂಗು ಅರವತ್ತಮೂರರಿಂದ ನಲವತ್ತಕ್ಕೆ ಇಳಿಯಿತು. ಮೂರನೆಯ ತಿಂಗಳು ಹದಿನೆಂಟು. ಐದನೆಯ ತಿಂಗಳು ಉಂಗುರವೇ ಕಾಣಿಸಲಿಲ್ಲ. ಕಸ್ತೂರಿ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದಳು. ಎಲ್ಲೋ ಒಂದು ನೆರಳಿನಂಥ ಗೆರೆ. ಇನಾಮದಾರ ಮೇಡಂ ಬಂದು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಎಷ್ಟು ಬರೀತಿ?"

"ನಾಲ್ಕು ಅಂತ ಬರೀಲಿ ಮೇಡಂ?"

"ಬರಿ. ನಿನ್ನ ಕೈಲೇ ಬರಿ. ಎಲ್ಲಾರ್ದೂ ಹಿಂಗ ಬರಾಕತ್ತೈತಿ ಕಸ್ತೂರಿ. ಅರವತ್ನಾಲ್ಕಕ್ಕ ಅರವತ್ನಾಲ್ಕು." ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ನಮ್ಮ ಅಬ್ಬಾಜಾನ್‍ಗ ಇದು ಸಿಗಲಿಲ್ಲ ನೋಡು."

ಹಸಿರು ಚೀಟಿಯ ಮೇಲೆ ಕಸ್ತೂರಿ ತನ್ನ ದುಂಡು ಅಕ್ಷರದಲ್ಲಿ ಗಂಡನ ಹೆಸರು ಬರೆದಳು. ಮನೆಗೆ ತಂದು ಅವನ ಕೈಯಲ್ಲಿಟ್ಟಾಗ ದ್ಯಾಮಣ್ಣ ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಒಳಗೆ ಹೋಗಿ ಅಟ್ಟದ ಮೇಲಿದ್ದ ಸುತ್ತಿಗೆ ಇಳಿಸಿಕೊಂಡ. ಫಕೀರವ್ವ ಆ ದಿನ ಹೋಳಿಗೆ ಮಾಡಿದಳು. ಮರುದಿನದಿಂದ ಅವನು ಶೆಡ್ಡಿಗೆ ಹೋದ. ಅವನೊಬ್ಬನೇ ಅಲ್ಲ, ಬಾಯಿಬೀಗ ಹಾಕಿಸಿಕೊಂಡವರಲ್ಲಿ ನಲವತ್ತೊಂದು ಜನ ತಿರುಗಿ ಒಳಗೆ ಹೋದರು.

ಯಾವಾಗಿನಿಂದ ಸಿಳ್ಳು ನಿಂತಿತು ಎಂಬುದು ಕಸ್ತೂರಿಗೆ ಗೊತ್ತಾಗಲಿಲ್ಲ. ಹೇಳಿದವಳು ಮಗಳು.

"ಅವ್ವಾ, ಅಪ್ಪ ಈಗ ಸಿಳ್ಳು ಯಾಕ ಹೊಡಿಯೂದಿಲ್ಲ? ಸೈಕಲ್ ಗಂಟಿ ಬಾರಸ್ತಾನ."

"ದೊಡ್ಡಾಂವ ಆಗ್ಯಾನ ನಿಮ್ಮಪ್ಪ, ಅದಕ್ಕ."

ಹಾಗೆಂದು ಮಗಳನ್ನು ನಗಿಸಿದಳು. ಆದರೆ ಮರುದಿನ ಸಂಜೆ ಅವಳೇ ಬಾಗಿಲಲ್ಲಿ ನಿಂತಳು. ತಿರುವಿನಲ್ಲಿ ಗಂಟೆ ಕೇಳಿಸಿತು. ದ್ಯಾಮಣ್ಣ ಸೈಕಲ್ ಹತ್ತಿರಲಿಲ್ಲ, ತಳ್ಳಿಕೊಂಡು ಬರುತ್ತಿದ್ದ. ಅರ್ಧ ಓಣಿಗೆ ಒಮ್ಮೆ ನಿಂತು, ಸೀಟಿನ ಮೇಲೆ ಕೈಯೂರಿ, ಯಾರನ್ನೋ ಮಾತಾಡಿಸುವವನಂತೆ ಅತ್ತಿತ್ತ ನೋಡಿ ಮತ್ತೆ ಹೊರಟ.

"ದಣಿವೇನ್ರಿ?"

"ಇಲ್ಲ. ಚೈನು ಸಡಲ ಆಗೇತಿ."

ಆ ವಾರವೇ ಕೇಂದ್ರದಲ್ಲಿ ಅವನನ್ನು ಉಸಿರಿನ ಬಲ ಅಳೆಯುವ, ಊದುವ ಯಂತ್ರದ ಮುಂದೆ ಕೂರಿಸಿದಳು. ಮುಳ್ಳು ಮೊದಲಿನಷ್ಟು ಮೇಲೆ ಏರಲಿಲ್ಲ. ಅವನದಷ್ಟೇ ಅಲ್ಲ, ಇನ್ನೂ ಹತ್ತಾರು ಜನರದೂ ಹಾಗೆಯೇ ಇತ್ತು. ಕಂಪನಿಯವರ ಉತ್ತರ ಸಿದ್ಧವಿತ್ತು. ಹಳೆಯ ಗಾಯ ಗಟ್ಟಿಯಾಗುತ್ತಿರುವುದರಿಂದ ಹಾಗಾಗುತ್ತದೆ, ಹೊಸದಾಗಿ ನೇಯ್ಗೆ ನಡೆಯುತ್ತಿಲ್ಲ, ರಕ್ತವೇ ಸಾಕ್ಷಿ ಎಂದರು. ಎದೆಯ ಸ್ಕ್ಯಾನು ವರ್ಷ ತುಂಬಿದ ಮೇಲೆ ಎಂದು ಮೊದಲೇ ನಿಗದಿಯಾಗಿತ್ತು. ಇನಾಮದಾರ ಮೇಡಂಗೂ ಆ ಉತ್ತರ ಪೂರ್ತಿ ಹಿಡಿಸಿರಲಿಲ್ಲ, ಆದರೆ ಮೇಜಿನ ಮೇಲೆ ಅರವತ್ನಾಲ್ಕು ಬಿಳಿ ಪಟ್ಟಿಗಳಿದ್ದವು. ಅವನ್ನು ಬಿಟ್ಟು ಯಾರನ್ನು ನಂಬುವುದು?

"ಮುಂದಿನ ತಿಂಗಳು ನೋಡೂಣು" ಎಂದರು.

ಭಾನುವಾರ ಮಧ್ಯಾಹ್ನ ಫಕೀರವ್ವ ಸೆರಗು ಕೂಡಿಸಲು ಕುಳಿತಳು.

ಇಳಕಲ್ಲ ಸೀರೆಯ ಮೈಯದು ಉದ್ದೆಳೆಗಳ ಒಂದು ಹಾಸು, ಕೆಂಪು ಸೆರಗಿನದು ಬೇರೆ ಹಾಸು. ಮೈಯ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಬೆಸೆಯಬೇಕು. ಸಾವಿರಾರು ಎಳೆ. ಒಬ್ಬರು ಈ ಕಡೆಯಿಂದ ಎಳೆ ಎತ್ತಿ ಕೊಡಬೇಕು, ಇನ್ನೊಬ್ಬರು ಆ ಕಡೆಯದನ್ನು ತೂರಿಸಿ ಜಗ್ಗಬೇಕು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಎಳೆ ಕೊಡುವ ಕೆಲಸ ಕಸ್ತೂರಿಯದು. ಕೈ ತಾನಾಗಿ ಆಡುತ್ತದೆ, ಮನಸ್ಸು ಎಲ್ಲಿ ಬೇಕಾದರೂ ಹೋಗಬಹುದು.

ಅವಳ ಮನಸ್ಸು ಪಕ್ಕದ ಕೋಣೆಯಲ್ಲಿತ್ತು. ದ್ಯಾಮಣ್ಣ ಮಲಗಿದ್ದ. ಉಸಿರು ಎಳೆದುಕೊಳ್ಳುವುದು ಇಲ್ಲಿಗೇ ಕೇಳುತ್ತಿತ್ತು, ಬಿಡುವುದು ಕೇಳುತ್ತಿರಲಿಲ್ಲ.

"ಏ ಕಸ್ತೂರಿ! ಎಲ್ಲಿ ನೋಡಾಕತ್ತಿ? ಕೊಂಡಿ ಬಿದ್ದಿದ್ದ ಎಳಿನ ಮತ್ತ ಕೊಡ್ತಿಯಲ್ಲ."

"ಗೊತ್ತಾಗ್ಲಿಲ್ಲ ಅತ್ತಿ."

"ನಾ ಹುಡುಕೀನಿ ಹುಡುಕೀನಿ, ಕೈಗೆ ಸಿಗವಲ್ಲದು. ಎಳಿ ಹರದು ಹೋತೇನ ಅಂತ ನನ್ನ ಜೀವ ಹಾರಿತು." ಮುದುಕಿ ಕಣ್ಣು ಕಿರಿದು ಮಾಡಿ ಬೆರಳ ತುದಿಯಲ್ಲಿ ತೋರಿಸಿದಳು. "ನೋಡಿಲ್ಲೆ. ಎಳಿ ಇಲ್ಲ ಅಂತ ಅಲ್ಲ. ಐತಿ. ಆಗಲೇ ಒಂದು ಹಿಡದು ಬಿಟ್ಟೈತಿ ಅದನ್ನ. ಇನ್ನೊಂದು ಹಿಡೀಬೇಕಂದ್ರ ಜಾಗಾ ಎಲ್ಲೈತಿ?"

ಕಸ್ತೂರಿಯ ಕೈ ಅಲ್ಲೇ ನಿಂತಿತು.

"ಏನಾತ? ಕೊಡು."

"ಅತ್ತಿ, ಇನ್ನೊಮ್ಮೆ ಹೇಳ್ರಿ."

"ಏನ್ ಹೇಳ್ಲಿ? ಹಿಡದಿದ್ದ ಎಳಿನ ಮತ್ತ ಹಿಡ್ಯಾಕ ಬರೂದಿಲ್ಲ ಅಂದೆ. ಹದಿನಾಕು ವರ್ಷಾತು ಈ ಮನಿಗೆ ಬಂದು, ಈಗ ಕೇಳ್ತಾಳ."

ಸೋಮವಾರ ಎಲ್ಲರಿಗಿಂತ ಮೊದಲು ಕೇಂದ್ರಕ್ಕೆ ಹೋದ ಕಸ್ತೂರಿ ದೊಡ್ಡ ಫ್ರೀಜರಿನ ಪಕ್ಕದ ಹಳೆಯ ರಿಜಿಸ್ಟರು ತೆಗೆದಳು. ಬೇಕಾದ ಪುಟ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು.

ಆರು ವರ್ಷದ ಹಿಂದೆ ಪಟ್ಟಿ ಮಾಡಲು ಹೊರಟಾಗ ಕೂಗನ್ನು ಹಿಡಿಯಬಲ್ಲ ಮುನ್ನೂರು ಪ್ರತಿಕಾಯಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡಿದ್ದವಳು ಅವಳೇ. ಹದಿನೇಳನೆಯ ನಂಬರಿನದು ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿದಿತ್ತು. ಪಟ್ಟಿಯ ಮೇಲೆ ಇವತ್ತಿಗೂ ಇರುವುದು ಅದೇ. ಮೂರು ವರ್ಷದ ನಂತರ ಕಂಪನಿಯವರು, ನಿಮ್ಮಲ್ಲಿ ಅತಿ ಒಳ್ಳೆಯದು ಯಾವುದೋ ಅದನ್ನು ಕಳಿಸಿ ಎಂದು ಬರೆದರು. ಮೇಡಂ ಊರಲ್ಲಿರಲಿಲ್ಲ. ಫೋನಿನಲ್ಲಿ, "ಒಳ್ಳೇದು ನೋಡಿ ಕಳಸವಾ, ನಿನಗ ಗೊತ್ತೈತಲ್ಲ" ಎಂದಿದ್ದರು. ಕಸ್ತೂರಿ ಹದಿನೇಳನ್ನೇ ಮಂಜುಗಡ್ಡೆಯಲ್ಲಿಟ್ಟು ಕಳಿಸಿದಳು. ಮನೆಗೆ ಬಂದವರಿಗೆ ಇದ್ದುದರಲ್ಲಿ ಒಳ್ಳೆಯದನ್ನೇ ಬಡಿಸುವ ರೂಢಿಯವಳು. ಬೇರೆಯದನ್ನು ಕಳಿಸಲು ಕೈ ಹೇಗೆ ಬಂದೀತು? ಕಳಿಸಿದ ದಿನ ಹೆಮ್ಮೆಯೂ ಆಗಿತ್ತು. ಕಂಪನಿಯವರು ಅದಕ್ಕೆ ತಮ್ಮದೇ ಹೆಸರಿಟ್ಟು ಔಷಧ ಮಾಡಿದರು. ಪಟ್ಟಿಯದೂ ಔಷಧದ್ದೂ ಒಂದೇ ಎಂಬುದು ಯಾರ ಲೆಕ್ಕದಲ್ಲೂ ಉಳಿಯಲಿಲ್ಲ. ಅವಳ ಕೈಬರಹದಲ್ಲಿ, ಎರಡು ಪುಟಗಳಲ್ಲಿ ಮಾತ್ರ ಉಳಿದಿತ್ತು.

ಔಷಧದ ಹದಿನೇಳು ರಕ್ತದಲ್ಲಿ ಕೂಗನ್ನು ಮೊದಲೇ ಹಿಡಿದುಕೊಂಡಿತ್ತು. ಪಟ್ಟಿಯ ಹದಿನೇಳಿಗೆ ಹಿಡಿಯಲು ಜಾಗವಿರಲಿಲ್ಲ. ಉಂಗುರ ಮೂಡಲಿಲ್ಲ.

ಇನಾಮದಾರ ಮೇಡಂ ಬಂದಾಗ ಕಸ್ತೂರಿ ಎರಡೂ ಪುಟ ತೆರೆದು ಅವರ ಮುಂದಿಟ್ಟಳು. ಅವರು ಒಮ್ಮೆ ಓದಿದರು, ಇನ್ನೊಮ್ಮೆ ಓದಿದರು. ಬ್ಯಾಗನ್ನು ಹೆಗಲಿಂದ ಇಳಿಸಿಯೂ ಇರಲಿಲ್ಲ.

"ಹಿಡದು ಬಾಯಿನೂ ಮುಚ್ಚಿರಬಹುದಲ್ಲ? ಔಷಧ ಕೆಲಸ ಮಾಡಿರಬಹುದು. ನಮ್ಮ ಪಟ್ಟಿಗೆ ಕಾಣಸಿಲ್ಲ, ಅಷ್ಟ."

"ಊದೂ ಮಷೀನು ಹಂಗ ಹೇಳವಲ್ಲದು ಮೇಡಂ."

ಮೇಡಂ ಬ್ಯಾಗು ಇಳಿಸಿದರು. "ಬ್ಯಾರೆ ಕಡೆ ಹಿಡಿಯೂ ಪ್ರತಿಕಾಯ ಇತ್ತಲ್ಲ ಒಂದು? ಮಂದ ಐತಿ ಅಂತ ಬಿಟ್ಟಿದ್ವಿ."

"ನಲವತ್ತೆರಡು. ಕೂಗಿನ ಬೆನ್ನು ಹಿಡೀತಿತ್ತು."

"ತಗಿ ಅದನ್ನ. ಎದಿಯೊಳಗಿನ ಆ ನಾರಿನ ಕೋಶಾನೂ ತಗಿ. ಇವರ ರಕ್ತ ಹಾಕಿ ನೋಡೂಣು, ಇನ್ನೂ ನೇಯ್ತಾವೋ ಬಿಟ್ಟಾವೋ."

ಮೂರು ದಿನ ಇಬ್ಬರೂ ಬೇರೇನೂ ಮಾಡಲಿಲ್ಲ. ಗುರುವಾರ ಮುಂಜಾನೆ ಗಾಜಿನ ತಟ್ಟೆಗಳಲ್ಲಿ ಉತ್ತರವಿತ್ತು. ಔಷಧ ಸೇರಿದ ರಕ್ತ ಬಿದ್ದಲ್ಲೆಲ್ಲ ಕೋಶಗಳು ಮೊದಲಿನಂತೆಯೇ ಎಳೆ ನೇಯ್ದಿದ್ದವು. ಹದಿನೇಳು ಕೂಗಿನ ತೋಳನ್ನು ಹಿಡಿದಿತ್ತು, ಬಾಯಿ ತೆರೆದೇ ಇತ್ತು. ನಲವತ್ತೆರಡರಿಂದ ಮಾಡಿದ ಹೊಸ ಪಟ್ಟಿಗಳಲ್ಲಿ ಅರವತ್ನಾಲ್ಕು ಉಂಗುರಗಳು ಮೂಡಿದವು. ಎಲ್ಲಕ್ಕಿಂತ ಕಪ್ಪಗೆ ಕಂಡದ್ದು ಒಂದು. ಕಸ್ತೂರಿ ಹೆಸರು ನೋಡುವ ಮೊದಲೇ ಅಂಕಿ ಬರೆದಳು. ತೊಂಬತ್ತೊಂದು. ಆಮೇಲೆ ಹೆಸರು ನೋಡಿದಳು.

ಮೇಡಂ ಕಂಪನಿಗೆ ಫೋನು ಮಾಡಿದರು. ಆ ಕಡೆಯವರು ಬಹಳ ಹೊತ್ತು ಮಾತಾಡಿದರು. ಮತ್ತೊಮ್ಮೆ ಪರೀಕ್ಷಿಸಬೇಕು, ಒಂದು ವಾರ ಯಾರಿಗೂ ಹೇಳುವುದು ಬೇಡ ಎಂದಿರಬೇಕು. ಮೇಡಂ ಉತ್ತರ ಕಸ್ತೂರಿಗೆ ಕೇಳಿಸಿತು.

"ವಾರ ನೀವು ತಗೋರಿ. ಶೆಡ್ಡಿನ್ಯಾಗ ನಿಂತವರ ಹತ್ರ ವಾರ ಇಲ್ಲ."

ಫೋನಿಟ್ಟು ಅವರು ಕಸ್ತೂರಿಯ ಕಡೆ ತಿರುಗಿದರು. "ಕಳಸು ಅಂದಾಕಿ ನಾನು. ನಂಬರ ಕೇಳಲಾರದಾಕಿನೂ ನಾನು. ನಿನ್ನ ತಲೀಮ್ಯಾಲ ಎಲ್ಲಾ ಹೊತಗೋಬ್ಯಾಡ."

ಕಸ್ತೂರಿ ರಿಜಿಸ್ಟರು ಮುಚ್ಚಿದಳು. ಎರಡು ಪುಟಗಳಲ್ಲೂ ಅಕ್ಷರ ಅವಳದೇ ಇತ್ತು.

ಜೀಪಿನಲ್ಲಿ ಕಾರ್ಖಾನೆಗೆ ಹೋದಾಗ ಮಧ್ಯಾಹ್ನದ ಊಟದ ಬಿಡುವು. ಮೇಡಂ ಉಳಿದವರನ್ನು ಸೇರಿಸಿ ಹೇಳತೊಡಗಿದರು. ಕಸ್ತೂರಿ ಶೆಡ್ಡಿನ ಹಿಂದೆ ನಡೆದಳು. ದ್ಯಾಮಣ್ಣ ಬುತ್ತಿ ಬಿಚ್ಚದೆ ಒಂದು ದಿಂಡಿನ ಮೇಲೆ ಕುಳಿತಿದ್ದ. ಅವಳನ್ನು ಕಂಡು ನಕ್ಕ.

"ಏನ, ಸಾಹೇಬರು ಇಲ್ಲೀಮಟ?"

ಅವಳು ಹೇಳಿದಳು. ಹದಿನೇಳು, ನಲವತ್ತೆರಡು, ಎಲ್ಲವನ್ನೂ. ನಡುವೆ ಎಲ್ಲೂ ನಿಲ್ಲಲಿಲ್ಲ, ನಿಂತರೆ ಮುಂದೆ ಹೇಳಲು ಆಗುವುದಿಲ್ಲವೆಂದು. ತೊಂಬತ್ತೊಂದು ಎಂದೂ ಹೇಳಿದಳು. ಅವನು ಸುತ್ತಿಗೆಯ ಹಿಡಿಕೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೇಳಿಸಿಕೊಂಡು ಹೇಳಿದ.

"ಹಂಗಾರ ಇದು ಹೊಸಾದು ಅಲ್ಲ."

"ಏನು?"

"ಎದ್ಯಾಗ ಒಂದು ಸದ್ದು ಬರತೈತಿ. ಒಳಗ ಬಿರಕ ಇದ್ದ ಕಲ್ಲು ಹ್ಯಾಂಗ ಬಡದ್ರೂ ಮಂದ ಅಂತೈತಲ್ಲ, ಹಂಗ."

"ಯಾವಾಗಿಂದ್ರಿ?"

"ಶೆಡ್ಡಿಗೆ ತಿರುಗಿ ಬರೂಕಿಂತ ಮದಲ ಇತ್ತು."

ಕಸ್ತೂರಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. "ಕಲ್ಲಿನ ಹೊಟ್ಟ್ಯಾಗಿಂದು ಕೇಳಸತೈತಿ, ನಿಮ್ಮದು ನಿಮಗ ಕೇಳಸಿದ್ರೂ ಸುಮ್ನ ಕುಂತ್ರಿ? ನನಗ ಒಂದು ಮಾತು ಹೇಳಬಾರದಿತ್ತ?"

"ಏನಂತ ಹೇಳಲಿ? ಎದಿ ಒಂದು ಹೇಳತಿತ್ತು, ಚೀಟಿ ಒಂದು ಹೇಳತಿತ್ತು." ಅವನು ಅಂಗಿಯ ಜೇಬಿನಿಂದ ಹಸಿರು ಚೀಟಿ ತೆಗೆದ. ಮಡಿಕೆಗಳಲ್ಲಿ ಹರಿದು, ಬೆವರಿಗೆ ಮೆತ್ತಗಾಗಿತ್ತು. "ಚೀಟಿ ಮ್ಯಾಲ ನಿನ್ನ ಅಕ್ಷರ ಇತ್ತಲ್ಲ ಕಸ್ತೂರಿ. ನನ್ನ ಎದಿನ ಸುಳ್ಳು ಹೇಳತೈತಿ ಅಂದಕೊಂಡೆ."

ಅವಳು ಅಲ್ಲೇ ಕಲ್ಲಿನ ಪುಡಿಯ ಮೇಲೆ ಕುಳಿತುಬಿಟ್ಟಳು. ಅವನು ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಅರ್ಧ ಅವಳ ಕೈಗಿಟ್ಟ. ಇಬ್ಬರೂ ತಿನ್ನಲಿಲ್ಲ.

ಮೇಡಂ ಬಲ್ಲವರಿಗೆಲ್ಲ ಬರೆದು ಕೇಳಿದರು. ಎದೆಯಲ್ಲಿ ಎಳೆ ತುಂಬಿಹೋದ ಜಾಗವನ್ನು ಬಿಚ್ಚುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಶೆಡ್ಡು ಬಿಟ್ಟ ನಲವತ್ತೊಂದು ಜನರಲ್ಲಿ ಮೂವತ್ತನಾಲ್ಕು ಜನ ಹೇಗೋ ಜೀವ ಹಿಡಿದು ನಿಂತರು. ದ್ಯಾಮಣ್ಣ ಅವರಲ್ಲಿ ಇರಲಿಲ್ಲ.

ಮನೆಗೆ ಆಮ್ಲಜನಕದ ಯಂತ್ರ ಬಂದು ಮಗ್ಗದ ಪಕ್ಕದಲ್ಲೇ ಕುಳಿತಿತು, ಬೇರೆ ಜಾಗವಿರಲಿಲ್ಲ. ಮೂಗಿಗೆ ಕೊಳವೆ ಹಾಕಿಕೊಂಡು ಅವನು ತಾಯಿಗೆ ಎಳೆ ಎತ್ತಿ ಕೊಡುವುದನ್ನು ಕಲಿತ. "ಹುಟ್ಟಿದಾಗಿಂದ ಕುಂಡ್ರು ಅಂದ್ರ ಕುಂಡರಲಿಲ್ಲ, ಈಗ ಕುಂತಿ ನೋಡು ನನ್ನ ಬಾಜೂಕ" ಎಂದು ಫಕೀರವ್ವ ಬೈಯುತ್ತಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬನಶ್ರೀ ಶಾಲೆ ಬಿಟ್ಟು ಬರುವಾಗ ತಿರುವಿನಲ್ಲಿ ಸಿಳ್ಳು ಹೊಡೆಯುವುದನ್ನು ಅಭ್ಯಾಸ ಮಾಡುತ್ತಿದ್ದಳು. ಮೊದಮೊದಲು ಬರೀ ಗಾಳಿ. ಒಂದು ದಿನ ಹತ್ತಿತು, ಒಂದು ಉದ್ದ, ಎರಡು ಗಿಡ್ಡ. ದ್ಯಾಮಣ್ಣ ಮಗ್ಗದ ಕಟ್ಟಿಗೆಯ ಮೇಲೆ ಸುತ್ತಿಗೆಯ ತುದಿಯಿಂದ ಅದೇ ಲೆಕ್ಕದಲ್ಲಿ ಕುಟುಕಿದ.

ಕೇಂದ್ರದಲ್ಲಿ ಹೊಸ ಪಟ್ಟಿ ತಯಾರಾಗುತ್ತಿತ್ತು. ಒಂದೊಂದು ಕಂತು ಪಟ್ಟಿ ಹೊರಗೆ ಹೋಗುವ ಮೊದಲು ಅದು ಸರಿಯಾಗಿ ಹಿಡಿಯುತ್ತದೆಯೇ ಎಂದು ನೋಡಲು ಕೂಗು ಜೋರಾಗಿರುವ ರಕ್ತ ಬೇಕು, ಪ್ರತಿ ಸಲವೂ ಅದೇ ರಕ್ತ. ಇನಾಮದಾರ ಮೇಡಂ ಕೇಳಲಾರದೆ ಕೇಳಿದರು. ಕಸ್ತೂರಿ ಬೇಡವೆಂದಳು. ಒಪ್ಪಿದವನು ದ್ಯಾಮಣ್ಣ.

"ತಗೊಳ್ರಿ ಮೇಡಂ." ಒಂದೊಂದು ಮಾತಿಗೂ ಉಸಿರು ಹುಡುಕಿಕೊಳ್ಳಬೇಕಾಗಿತ್ತು. "ದಿನಾ ಮುಂಜಾನೆ ನಾ ಏಳೂಕಿಂತ ಮದಲ ಎದ್ದು ಓಡಿಹೋಗ್ತಿದ್ಲು ಈಕಿ. ಈಗ ಅಲ್ಲೇ ಹೋಗಿ ಕುಂದರತೀನಿ. ನನ್ನ ಮಾರಿ ನೋಡದ ಕೆಲಸಾನ ಸುರು ಮಾಡಾಕ ಬರಬಾರದು."

ಸ್ವಲ್ಪ ಸ್ವಲ್ಪವಾಗಿ, ಅವನಿಗೆ ತ್ರಾಣವಿದ್ದ ದಿನ ನೋಡಿ ತೆಗೆದರು. ನೂರ ಎಂಬತ್ತು ಸಣ್ಣ ನಳಿಕೆಗಳಷ್ಟು ರಕ್ತವಾಯಿತು. ಸೀಗಿ ಹುಣ್ಣಿಮೆಯ ಹಿಂದಿನ ವಾರ, ಮಧ್ಯಾಹ್ನ, ತಾಯಿಗೆ ಕೊಡಲು ಎತ್ತಿದ ಎಳೆ ಬೆರಳಲ್ಲಿರುವಾಗಲೇ ಅವನು ಹೋದ. ಎಳೆ ಬರಲಿಲ್ಲವಲ್ಲ ಎಂದು ಫಕೀರವ್ವ ಒಂದೆರಡು ಸಲ ಕೈ ಚಾಚಿದಳಂತೆ.

ಹದಿಮೂರು ದಿನ ಕಳೆದ ಮೇಲೆ ಕಸ್ತೂರಿ ಕೆಲಸಕ್ಕೆ ಹೋದಳು.

ವಾರಕ್ಕೆ ಎರಡು ಕಂತು. ಫ್ರೀಜರಿನಿಂದ ಒಂದು ನಳಿಕೆ ತೆಗೆದು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಿದ್ದಳು. ಕರಗಿಸಲು ಯಂತ್ರವಿತ್ತು, ಅವಳು ಅಂಗೈಯನ್ನೇ ಬಳಸುತ್ತಿದ್ದಳು. ಮೇಡಂ ನೋಡಿಯೂ ನೋಡದಂತೆ ದಾಟಿಹೋಗುತ್ತಿದ್ದರು. ಹನಿ ಬೀಳುತ್ತಿತ್ತು. ಹತ್ತು ನಿಮಿಷಕ್ಕೆ ಉಂಗುರ ಕಪ್ಪಗೆ ಮೂಡುತ್ತಿತ್ತು. ಆ ಪಟ್ಟಿಗಳು ಊರೂರಿಗೆ ಹೋದವು. ಇಪ್ಪತ್ತೆರಡು ವರ್ಷದ ಹುಡುಗರು ಕೂಗು ಮೂವತ್ತು ದಾಟುವ ಮೊದಲೇ ಹಳದಿ ಚೀಟಿ ಹಿಡಿದು ಬೈದುಕೊಳ್ಳುತ್ತ ಶೆಡ್ಡಿನಿಂದ ಹೊರಗೆ ಬಂದರು. ಹೊಸ ಪಟ್ಟಿಯ ಜೊತೆ ಒಂದು ಹೊಸ ರೂಢಿಯೂ ಬಂತು. ಚೀಟಿ ಬರೆಯುವ ಮೊದಲು ಕಸ್ತೂರಿ ಪ್ರತಿಯೊಬ್ಬನನ್ನೂ ಎದುರಿಗೆ ಕೂರಿಸಿಕೊಂಡು ಕೇಳುತ್ತಿದ್ದಳು: "ಎದಿ ಏನಂತೈತಿ? ಪಟ್ಟಿ ಬಿಡು, ನೀ ಹೇಳು." ಅವರು ಹೇಳಿದ್ದನ್ನೂ ಅಂಕಿಯ ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದಳು. ಹುಡುಗರು ಮುಸಿಮುಸಿ ನಗುತ್ತಿದ್ದರು. ಅವಳು ಕಾಯುತ್ತಿದ್ದಳು.

ಎರಡನೆಯ ವರ್ಷದ ಕೊನೆಗೆ ಫ್ರೀಜರಿನಲ್ಲಿ ಒಂದೇ ನಳಿಕೆ ಉಳಿಯಿತು.

ಮುಂದಿನದಕ್ಕೆ ಮೌಲಾಸಾಬ ಎಂಬ ಮುದುಕರು ರಕ್ತ ಕೊಟ್ಟಿದ್ದರು. ಅದನ್ನು ಬಳಕೆಗೆ ತರಬೇಕಾದರೆ ಹಳೆಯ ರಕ್ತದ ಜೊತೆ ಒಮ್ಮೆ ಹೋಲಿಸಿ ನೋಡಲೇಬೇಕು.

"ಇವತ್ತು ಬ್ಯಾಡಾದ್ರ ಬ್ಯಾಡ" ಎಂದರು ಇನಾಮದಾರ ಮೇಡಂ. "ಬ್ಯಾರೆ ದಾರಿ ಹುಡಕೂಣು. ಒಂದು ನಳಿಕಿ ಇರಲಿ ಬಿಡು, ಯಾರಿಗೇನು."

"ಕುಷ್ಟಗಿ ಕಡೆ ನಾನೂರು ಪಟ್ಟಿ ಹೋಗೂದೈತಿ ಮೇಡಂ. ನಾಳೆ ಗೇಟಿನ್ಯಾಗ ಕಾಯ್ಕೋತ ನಿಂದರತಾರ ಅವರು."

ಕಸ್ತೂರಿ ಕೊನೆಯ ನಳಿಕೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಳು. ಮಂಜು ಕರಗಿ ಬೆರಳ ಸಂದಿಯಿಂದ ಮೊಣಕೈವರೆಗೆ ನೀರು ಇಳಿಯಿತು. ಎಷ್ಟು ಹೊತ್ತು ಹಿಡಿಯಬೇಕೋ ಅದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದಳು. ಆಮೇಲೆ ಎರಡು ಪಟ್ಟಿ ಪಕ್ಕಪಕ್ಕದಲ್ಲಿಟ್ಟು, ಎರಡು ಹನಿ ಹಾಕಿ, ಕೈ ಮಡಚಿಕೊಂಡು ಕುಳಿತಳು.

ಹತ್ತು ನಿಮಿಷಕ್ಕೆ ಎರಡೂ ಮೂಡಿದವು. ಮೌಲಾಸಾಬರದು ನೀಲಿ. ದ್ಯಾಮಣ್ಣನದು ಯಾವಾಗಿನಂತೆ ಕಪ್ಪಗೆ, ಅಂಚಿನಲ್ಲಿ ಸ್ವಲ್ಪ ಹರಡಿಕೊಂಡು.

ಬಳಸಿದ ಪಟ್ಟಿಗಳನ್ನು ಸುಡಬೇಕೆಂಬುದು ನಿಯಮ. ಅವಳು ಎರಡನ್ನೂ ಸುಡುವ ಡಬ್ಬಿಗೆ ಹಾಕಿದಳು. ರಿಜಿಸ್ಟರು ತೆರೆದು ತನ್ನ ದುಂಡು ಅಕ್ಷರದಲ್ಲಿ ಬರೆದಳು: ನಳಿಕೆ ನೂರ ಎಂಬತ್ತು. ಉಂಗುರ ಸರಿಯಾಗಿ ಮೂಡಿದೆ. ಉಳಿದದ್ದು ಇಲ್ಲ.

ಸಹಿ ಹಾಕಿ, ಕುಷ್ಟಗಿಯ ಪೆಟ್ಟಿಗೆಯ ಮುಚ್ಚಳ ಮುಚ್ಚಲು ಎದ್ದಳು.